ಸ್ವಯಂಸೇವಕರಿಗೆ ಹಾರ ಬೇಡ, ಗಂಬೂಟು ಕೊಡಿ

ಸಂಪಾದಕರಿಗೆ ನಮಸ್ಕಾರ,

ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. ಆ ದಿನ ಶಾಲು, ಹಾರ, ಭಾಷಣ ಎಲ್ಲಾ ಇರುತ್ತದೆ. ಅದಕ್ಕೂ ಮುಂಚೆ ನಮ್ಮೂರ ಕೆರೆಯ ಕಥೆ ಸ್ವಲ್ಪ ಕೇಳಿ.

ನಾಲ್ಕು ವರ್ಷದಿಂದ ನಾವೊಂದಿಷ್ಟು ಜನ ಭಾನುವಾರ ಬೆಳಗ್ಗೆ ಎರಡು ಗಂಟೆ ಕೆರೆ ಕೆಲಸ ಮಾಡುತ್ತಿದ್ದೇವೆ. ಏರಿ ಮೇಲಿನ ಬಳ್ಳಾರಿ ಜಾಲಿ ಕಡಿಯುತ್ತೇವೆ, ಕೋಡಿ ಹತ್ತಿರ ಸಿಕ್ಕಿಕೊಂಡ ಪ್ಲಾಸ್ಟಿಕ್ ತೆಗೆಯುತ್ತೇವೆ, ತೂಬಿನ ಬಾಯಿಗೆ ಅಡರಿದ ಕತ್ತೆಕಿವಿ ಗಿಡ ಎಳೆದು ದಡಕ್ಕೆ ಹಾಕುತ್ತೇವೆ. ಮೊದಲ ವಾರ 40 ಜನ ಬಂದಿದ್ದರು. ಈಗ ಏಳೆಂಟು ಜನ. ಜನಕ್ಕೆ ಮನಸ್ಸಿಲ್ಲ ಅಂತ ಹೇಳಿಬಿಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ, ಯಾಕೆಂದರೆ ಬರುವುದು ಬಿಟ್ಟವರ ಮನೆಗೇ ಹೋಗಿ ಕೇಳಿದ್ದೇನೆ.

ಒಬ್ಬ ಹುಡುಗ, ನನ್ನ ಹಳೇ ವಿದ್ಯಾರ್ಥಿ, ಬರಿಗಾಲಲ್ಲಿ ನೀರಿಗಿಳಿದವನು ಒಡೆದ ಬಾಟಲಿ ತುಳಿದ. ಆರು ಹೊಲಿಗೆ ಬಿತ್ತು. ಆಸ್ಪತ್ರೆ ಖರ್ಚಿಗೆ ನಾವೇ ಚಂದಾ ಎತ್ತಿದೆವು. ಹತ್ತು ದಿನ ಕೂಲಿ ಹೋಯಿತು, ಅದನ್ನು ಯಾರೂ ತುಂಬಿಕೊಡಲಿಲ್ಲ. ಅವನ ತಾಯಿ ಹೇಳಿದ್ದು ಇಷ್ಟೇ: "ಮೇಷ್ಟ್ರೇ, ನಿಮ್ಮ ಮಾತು ತೆಗೆದುಹಾಕಕ್ಕಾಗಲ್ಲ. ಆದ್ರೆ ಇವನ ಕಾಲಿಗೆ ಹೆಚ್ಚುಕಮ್ಮಿ ಆದ್ರೆ ದುಡಿಯೋರು ಯಾರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಬ್ಯಾಂಕ್ ಖಾತೆ ಇದ್ದವರಿಗೆಲ್ಲ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆವು. ಒಳ್ಳೆಯದೇ, ಆದರೆ ಅದು ಬರುವುದು ಅಪಘಾತದಲ್ಲಿ ಜೀವ ಹೋದರೆ ಅಥವಾ ಅಂಗ ಊನವಾದರೆ. ಕಾಲಿಗೆ ಹೊಲಿಗೆ ಬಿದ್ದರೆ ಬರುವುದಿಲ್ಲ. ನಾಲ್ಕು ಜೊತೆ ಗಂಬೂಟು, ಒಂದಿಷ್ಟು ಕೈಗವಸು, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದ್ದಿದ್ದರೆ ಆ ಹುಡುಗ ಇವತ್ತೂ ನಮ್ಮ ಜೊತೆ ಇರುತ್ತಿದ್ದ.

ಇನ್ನು ಕೆಲವರು ಬೇಸತ್ತು ಬಿಟ್ಟರು. ದಡಕ್ಕೆ ಎಳೆದು ಹಾಕಿದ ಕತ್ತೆಕಿವಿ ರಾಶಿಯನ್ನು ಸಾಗಿಸಲು ಟ್ರ್ಯಾಕ್ಟರ್ ಬೇಕು. ಒಂದು ಕಚೇರಿಗೆ ಹೋದರೆ ಈ ಕೆರೆ ನಮ್ಮದಲ್ಲ ಅಂದರು, ಇನ್ನೊಂದಕ್ಕೆ ಹೋದರೆ ಅಲ್ಲಿಗೇ ಹೋಗಿ ಅಂದರು. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಮ್ಮಿ ಇದ್ದರೆ ಪಂಚಾಯಿತಿ ಅಂತ ನಾವು ತಿಳಿದುಕೊಳ್ಳುವಷ್ಟರಲ್ಲಿ ಮಳೆ ಬಂದು ಅರ್ಧ ರಾಶಿ ವಾಪಸ್ ನೀರಿಗೆ ಇಳಿದಿತ್ತು. ಹೋದ ವರ್ಷ ಎಳೆದ ಗಿಡವನ್ನೇ ಈ ವರ್ಷ ಮತ್ತೆ ಎಳೆಯುತ್ತಿದ್ದೇವೆ. ಯಾರಿಗೆ ತಾನೇ ಉತ್ಸಾಹ ಉಳಿಯುತ್ತದೆ?

ನಮ್ಮ ಹಿರಿಯರು ಮುಯ್ಯಾಳು ಕರೆದರೆ, ಅಂದರೆ ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ ಅಂತ ಕರೆದರೆ, ಕೂಲಿ ಕೊಡುತ್ತಿರಲಿಲ್ಲ ನಿಜ. ಆದರೆ ಕರೆದವರ ಮನೆಯಲ್ಲಿ ಮುದ್ದೆ ಸಾರು ಇರುತ್ತಿತ್ತು. ಯಾರ ಹೊಲಕ್ಕೆ ಯಾರು ಎಷ್ಟು ದಿನ ಬಂದರು ಅನ್ನೋ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತಿತ್ತು. ಸಾಲುಮರದ ತಿಮ್ಮಕ್ಕನವರನ್ನು ನೆನೆದಾಗಲೂ ನಾವು ಹುಲಿಕಲ್ಲು–ಕುದೂರು ರಸ್ತೆಯ 385 ಆಲದ ಮರ ಎಣಿಸುತ್ತೇವೆ, ಗಂಡ ಹೆಂಡತಿ ಇಬ್ಬರೂ ಬಿಂದಿಗೆಯಲ್ಲಿ ಹೊತ್ತು ಹಾಕಿದ ನೀರನ್ನು ಎಣಿಸುವುದಿಲ್ಲ. ಗಿಡ ಉಳಿದದ್ದು ಆ ನೀರಿನಿಂದ ಅಲ್ವಾ?

ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಇದೆ. ಅದರಲ್ಲಿ ಸೇರಿದ ಕಾಲೇಜು ಮಕ್ಕಳು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ಶಿಬಿರ. ನಮ್ಮೂರಿಗೂ ಶಿಬಿರ ಬಂದಿತ್ತು. ಬಂಗಾರದಂಥ ಮಕ್ಕಳು, ಎಷ್ಟು ಕೆಲಸ ಮಾಡಿದರು! ಎಂಟನೇ ದಿನ ಬಸ್ ಹತ್ತಿದರು, ಮುಂದಿನ ವರ್ಷ ಬೇರೆ ಊರು. ಆ 120ರಲ್ಲಿ 40 ಗಂಟೆಯನ್ನು ಒಂದೇ ಊರಿಗೆ ಮೀಸಲಿಟ್ಟರೆ ಎರಡೆರಡು ಗಂಟೆಯಂತೆ 20 ಭಾನುವಾರ ಆಗುತ್ತದೆ. ಕೆರೆಗೆ ಅಷ್ಟು ಸಾಕು. ಪ್ರಾಂಶುಪಾಲರು ಇದನ್ನು ಯೋಚಿಸಬೇಕು ಅಂತ ಕೈಮುಗಿದು ಕೇಳುತ್ತೇನೆ. ಬಸ್ ಚಾರ್ಜು ಮಾತ್ರ ಮಕ್ಕಳ ಜೇಬಿಂದ ಹೋಗಬಾರದು.

ಪಂಚಾಯಿತಿಯವರಿಂದ ನಾವು ಸಂಬಳ ಕೇಳುತ್ತಿಲ್ಲ. ಹಾರೆ, ಗುದ್ದಲಿ, ಬಾಂಡಲಿ ಇಡಲು ಒಂದು ಬೀರು, ಅದರ ಕೀಲಿ ಯಾರ ಹತ್ತಿರ ಇದೆ ಅಂತ ಎಲ್ಲರಿಗೂ ಗೊತ್ತಿರಲಿ. ಬಂದವರ ಹೆಸರು ಬರೆಯಲು ಒಂದು ಪುಸ್ತಕ. ಫೋನ್ ಮಾಡಿದರೆ ಎತ್ತುವ ಒಬ್ಬ ಮನುಷ್ಯ. ಪಂಚಾಯಿತಿಯಲ್ಲಿ ಕಸದ ಗಾಡಿ ಇದ್ದೇ ಇದೆ, ಅದನ್ನು ಓಡಿಸುವ ಹೆಣ್ಣುಮಕ್ಕಳಿಗೆ ಭಾನುವಾರದ ಕೂಲಿ ಬೇರೆ ಕೊಟ್ಟು ತಿಂಗಳಿಗೊಮ್ಮೆ ಕೆರೆ ಕಡೆ ಕಳಿಸಲಿ. ರಾಶಿಗೆ ಟ್ರ್ಯಾಕ್ಟರ್ ಮಳೆಗಾಲಕ್ಕೆ ಮುಂಚೆ ಒಂದು ಸಲ ಬಂದರೂ ನಡೆಯುತ್ತದೆ. ಇಷ್ಟಾದರೆ ಆ ತಾಯಿಯ ಮನೆಗೆ ಇನ್ನೊಮ್ಮೆ ಹೋಗಿ ಹುಡುಗನನ್ನು ಕಳಿಸಿ ಅಂತ ಕೇಳುವ ಧೈರ್ಯ ನನಗೆ ಬರುತ್ತದೆ.

– ಒಬ್ಬ ನಿವೃತ್ತ ಶಿಕ್ಷಕ, ತುಮಕೂರು ಜಿಲ್ಲೆ