ಮೂರನೆಯ ಡೋಸು

ತಿಪಟೂರು
ಮಂಗಳವಾರ ರಾತ್ರಿ

ಪುಟ್ಟೀ,

ಫೋನ್ ಎತ್ತುತ್ತಿಲ್ಲ ನೀನು. ಎತ್ತದಿದ್ದರೂ ಪರವಾಗಿಲ್ಲ, ಇದನ್ನು ಓದು. ಬರೆದು, ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಭಾನುವಾರ ಅಡುಗೆಮನೆಯಲ್ಲಿ ಆದದ್ದನ್ನು ಕೆದಕುವುದಿಲ್ಲ. ಅವತ್ತು ನಾನು ಒಂದು ಮಾತು ಆಡಬಾರದಿತ್ತು. ಯಾವುದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ತಪ್ಪಾಯಿತು ಕಣೇ.

ಮೊದಲು ನಿನ್ನ ಕೈ ವಿಷಯ. ಹಾಕಿಸಿಕೊಂಡು ಇವತ್ತಿಗೆ ಹದಿನೆಂಟು ದಿನ, ನೀನೇ ಹೇಳಿದ ಲೆಕ್ಕ. ಹೊಸ ಟ್ಯಾಟೂ ಮೂರ್ನಾಲ್ಕು ದಿನ ಕೆಂಪಗೆ ಊದುವುದು, ನೀರು ಒಸರುವುದು, ಆಮೇಲೆ ಹೊಟ್ಟು ಕಟ್ಟಿ ಉದುರುವುದು, ಇದೆಲ್ಲ ಸಹಜ. ಎರಡು ಮೂರು ವಾರದಲ್ಲಿ ಮೇಲಿನ ಚರ್ಮ ಕೂಡಿಕೊಳ್ಳುತ್ತದೆ. ನಾನು ಕಂಡದ್ದು ಬೇರೆ. ಗೆರೆಗಳೆಲ್ಲ ಚೆನ್ನಾಗಿ ಒಣಗಿವೆ, ಬೂದು ಬಣ್ಣ ತುಂಬಿದ ಕಡೆ ಮಾತ್ರ ಸಾಸಿವೆ ಕಾಳಿನಂಥ ಕೆಂಪು ಗುಳ್ಳೆ. "ಮೊದಲ ವಾರ ಏನೂ ಇರಲಿಲ್ಲಮ್ಮ, ಈಗ ಬಂತು" ಅಂದೆಯಲ್ಲ, ಆ ಮಾತು ಕೇಳಿಯೇ ನನಗೆ ಕೈಕಾಲು ಆಡದೆ ಹೋದದ್ದು.

ನಿನ್ನ ಕೇಳದೆ ಒಂದು ಕೆಲಸ ಮಾಡಿದೆ. ನೀನು ಮಲಗಿದ್ದಾಗ ಕೈಯ ಫೋಟೊ ತೆಗೆದಿದ್ದೆ, ಅದನ್ನು ನಿನ್ನೆ ನಮ್ಮ ಡಾಕ್ಟರಮ್ಮನಿಗೆ ತೋರಿಸಿದೆ. ಬೈಯಬೇಡ. ಅವರು ಫೋಟೊ ನೋಡಿ ಏನೂ ಹೇಳಲಾಗುವುದಿಲ್ಲ ಅಂದರು, ಆದರೆ ರೋಚೆಸ್ಟರ್ ಎಂಬ ಊರಿನ ವಿಷಯ ಹೇಳಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದೆಯಂತೆ. 2011ರ ಕೊನೆಗೆ ಅಲ್ಲಿ ಒಬ್ಬನೇ ಟ್ಯಾಟೂ ಕಲಾವಿದನ ಹತ್ತಿರ ಹಾಕಿಸಿಕೊಂಡ 19 ಜನಕ್ಕೆ ಹೀಗೇ ಬೂದು ಬಣ್ಣದ ಜಾಗದಲ್ಲಿ ಗುಳ್ಳೆ ಎದ್ದವು. ತಪ್ಪು ಸೂಜಿಯದಲ್ಲ. ಕಪ್ಪು ಶಾಯಿಯನ್ನು ತೆಳ್ಳಗೆ ಮಾಡಿ ಬೂದು ಮಾಡಿದ್ದರಲ್ಲ, ಆ ಶಾಯಿಯಲ್ಲೇ ರೋಗಾಣು ಇತ್ತು. ಮುಚ್ಚಳ ತೆಗೆಯದ ಬಾಟಲಿಯಲ್ಲೂ ಸಿಕ್ಕಿತು. ಮೈಕೋಬ್ಯಾಕ್ಟೀರಿಯಂ ಕೆಲೋನೆ ಅಂತ ಅದರ ಹೆಸರು, ಕ್ಷಯದ ರೋಗಾಣುವಿನ ದೂರದ ನೆಂಟ. ಒಂದರಿಂದ ಮೂರು ವಾರ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತದೆ. ಸಾಮಾನ್ಯ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ, ಚರ್ಮದ ಚೂರು ತೆಗೆದು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಆದರೆ ವಾಸಿಯಾಗುತ್ತದೆ. ನಿನ್ನದು ಅದೇ ಅಂತ ನಾನು ಹೇಳುತ್ತಿಲ್ಲ. ಬರೀ ಬಣ್ಣದ ಅಲರ್ಜಿ ಇದ್ದರೂ ಇರಬಹುದು. ಯಾವುದು ಅಂತ ಚರ್ಮದ ಡಾಕ್ಟರೇ ಹೇಳಬೇಕು, ಮೆಡಿಕಲ್ ಶಾಪಿನವನಲ್ಲ.

ಅವನು ಕೊಟ್ಟ ಆ ಟ್ಯೂಬನ್ನು ಎಸೆದುಬಿಡು. ಹಿಂಭಾಗ ಓದಿದೆ, ಮೂರು ಔಷಧಿ ಬೆರೆಸಿದ ಮುಲಾಮು, ಒಳಗೆ ಸ್ಟೀರಾಯ್ಡ್ ಇದೆ. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ರೋಗಾಣು ಹಾಯಾಗಿ ಬೆಳೆಯುತ್ತದೆ. ನಾನೂ ಏನು ಕಡಿಮೆ ಮಾಡಿದೆ? ಮೂವತ್ತು ವರ್ಷ ಎಎನ್‌ಎಂ, ಅಂದರೆ ಹಳ್ಳಿಯ ಸರ್ಕಾರಿ ನರ್ಸ್, ಕೆಲಸ ಮಾಡಿ, ಗಾಯಕ್ಕೆ ಅರಿಶಿನ ಮೆತ್ತಬೇಡಿ ಅಂತ ಮನೆಮನೆಗೆ ಹೋಗಿ ಹೇಳಿದವಳು, ಅವತ್ತು ಓಡಿಹೋಗಿ ಅರಿಶಿನದ ಡಬ್ಬಿಗೇ ಕೈ ಹಾಕಿದೆ. ನೀನು ಕೈ ಎಳೆದುಕೊಂಡದ್ದು ಸರಿ.

ಸೂಜಿ ಹೊಸದು, ನನ್ನ ಕಣ್ಣೆದುರಿಗೇ ಪ್ಯಾಕೆಟ್ ಒಡೆದರು ಅಂದೆ. ನಂಬುತ್ತೇನೆ. ಶಾಯಿ ತೆಳ್ಳಗೆ ಮಾಡಲು ಯಾವ ನೀರು ಹಾಕಿದರು, ನಿನಗೆ ಅಂತ ಬೇರೆ ಬಟ್ಟಲಿಗೆ ಸುರಿದರಾ, ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲ್ ಮುಟ್ಟಿದರಾ, ಇದನ್ನೆಲ್ಲ ನೋಡಿದ್ದೆಯಾ? ನೋಡಿರುವುದಿಲ್ಲ. ನೋವಿನಲ್ಲಿ ಕೂತವರು ಯಾರು ನೋಡುತ್ತಾರೆ. ಟ್ಯಾಟೂ ಶಾಯಿಯಲ್ಲಿ 22 ಬಗೆಯ ಲೋಹ ಸಿಕ್ಕಿದೆ, ನಿಯಮ ಬೇಕು ಅಂತ ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ಹೇಳಿದಾಗ ಪೇಪರಿನಲ್ಲಿ ಓದಿ ಮಡಚಿಟ್ಟಿದ್ದೆ. ನನ್ನ ಮನೆಗೇ ಬರುತ್ತದೆ ಅಂದುಕೊಂಡಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಹಾಗೆ ಕಿರುಚುತ್ತಿರಲಿಲ್ಲ ಪುಟ್ಟಿ. ನನಗೆ ಸೂಜಿ ಅಂದ ತಕ್ಷಣ ಮಂಜು ಮಾಮ ಕಣ್ಣಿಗೆ ಕಟ್ಟುತ್ತಾನೆ. ಅವನ ಕೊನೆಯ ದಿನಗಳನ್ನು ನೀನೂ ನೋಡಿದ್ದೀಯ, ಅದು ಬೇಡ. ನಾನು ಹೇಳಬೇಕಾದದ್ದು ಬೇರೆ, ನಿಮ್ಮಪ್ಪನಿಗೂ ಹೇಳಿಲ್ಲ.

1980. ನನಗೆ ಹತ್ತು ವರ್ಷ, ಅವನಿಗೆ ಐದು. ಸಂತೆ ದಿನ. ಅಜ್ಜಿ ಸೊಪ್ಪು ಮಾರಲು ಕೂತಿದ್ದಳು. ಇವನಿಗೆ ಮೈ ಸ್ವಲ್ಪ ಬೆಚ್ಚಗಿತ್ತು, ಸ್ವಲ್ಪವೇ. "ಒಂದು ಸೂಜಿ ಚುಚ್ಚಿಸ್ಕೊಂಡು ಬಾ" ಅಂತ ನನ್ನ ಕೈಗೆ ದುಡ್ಡು ಕೊಟ್ಟು ಕಳಿಸಿದಳು. ಆಗ ಎಲ್ಲದಕ್ಕೂ ಸೂಜಿಯೇ, ಚುಚ್ಚದಿದ್ದರೆ ಡಾಕ್ಟರೇ ಅಲ್ಲ. ಸಂತೆ ದಿನ ಮಾತ್ರ ಬರುತ್ತಿದ್ದ ಒಬ್ಬ ಡಾಕ್ಟರು, ಓದಿದವರೋ ಅಲ್ಲವೋ ಯಾರಿಗೆ ಗೊತ್ತು, ಜಗಲಿಯ ಮೇಲೆ ಕೂರುತ್ತಿದ್ದರು. ಪಕ್ಕದಲ್ಲಿ ಸ್ಟೀಲ್ ಡಬ್ಬಿ, ಕೆಳಗೆ ಸ್ಪಿರಿಟ್ ದೀಪ. ಡಬ್ಬಿಯಲ್ಲಿ ಬಿಸಿನೀರು, ಅದರೊಳಗೆ ಗಾಜಿನ ಸಿರಿಂಜು ಒಂದು, ಸೂಜಿ ಎರಡೋ ಮೂರೋ. ಬೆಳಿಗ್ಗೆ ನೀರು ಕುದಿಯುತ್ತಿತ್ತು. ನಾವು ಹೋದಾಗ ನಮ್ಮ ಮುಂದೆ ನಾಲ್ಕೇ ಜನ.

ಎದುರಿಗೆ ಬಳೆ ಅಂಗಡಿ. ಹಸಿರು ಗಾಜಿನ ಬಳೆ, ಚಿನ್ನದ ಚುಕ್ಕಿ ಇದ್ದವು, ಆಗ ತಾನೇ ಬಂದಿದ್ದವು. ನಾನು ಸರದಿ ಬಿಟ್ಟು ಅವನ ಕೈ ಹಿಡಿದು ಅಲ್ಲಿಗೆ ಹೋದೆ. ಎಷ್ಟು ಹೊತ್ತು ನಿಂತೆನೋ. ತಿರುಗಿ ಬಂದಾಗ ಸಾಲು ಉದ್ದವಾಗಿತ್ತು, ನಾವೇ ಕೊನೆ. ದೀಪ ಆರಿತ್ತು. ಅದನ್ನು ನಾನು ನೋಡಿದ್ದೇನೆ, ಈಗಲೂ ನನಗೆ ಕಾಣುತ್ತದೆ, ಬತ್ತಿಯ ತುದಿ ಕಪ್ಪಗಿತ್ತು. ಡಾಕ್ಟರು ಸೂಜಿಯನ್ನು ಆ ನೀರಿನಲ್ಲಿ ಎರಡು ಸಲ ಅದ್ದಿ, ಹತ್ತಿಯಲ್ಲಿ ಒರೆಸಿ, ಅವನಿಗೆ ಚುಚ್ಚಿದರು. ಅವನು ಅಳಲಿಲ್ಲ. ಅಳದಿದ್ದಕ್ಕೆ ಅವರು ಒಂದು ಖಾಲಿ ಇಂಜೆಕ್ಷನ್ ಬಾಟಲಿ ಕೊಟ್ಟರು, ರಬ್ಬರ್ ಮುಚ್ಚಳದ್ದು. ದಾರಿಯುದ್ದಕ್ಕೂ ಅದರಲ್ಲಿ ಇರುವೆ ಹಿಡಿದು ತುಂಬುತ್ತ ಬಂದ.

ನಾಲ್ಕನೆಯವನಾಗಿದ್ದರೆ ನೀರು ಕುದಿಯುತ್ತಿತ್ತು.

1990ರಲ್ಲಿ ಎಎನ್‌ಎಂ ಟ್ರೈನಿಂಗಿಗೆ ಸೇರಿದಾಗ ಸಿಸ್ಟರ್ ಮೊದಲ ವಾರವೇ ಹೇಳಿದ್ದು, ನೀರು ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಎಲ್ಲರೂ ಬರೆದುಕೊಂಡರು, ನಾನು ಬರೆಯಲಿಲ್ಲ, ಬತ್ತಿ ನೆನಪಾಯಿತು. ಆಗ ಅವನಿಗೆ ಹದಿನೈದು, ಕಬಡ್ಡಿ ಆಡಿಕೊಂಡು ಗಟ್ಟಿಮುಟ್ಟಾಗಿದ್ದ. 2006ರಲ್ಲಿ ರಕ್ತದಾನ ಶಿಬಿರಕ್ಕೆ ಹೋದವನಿಗೆ ಬಂದು ಕಾಣಿ ಅಂತ ಹೇಳಿಕಳಿಸಿದರಂತೆ. ಹೆಪಟೈಟಿಸ್ ಬಿ, ರಕ್ತದಿಂದ ಹರಡುವ ಲಿವರ್ ರೋಗ. ನಮಗ್ಯಾರಿಗೂ ಹೇಳಲಿಲ್ಲ. ಕಾಮಾಲೆ ಅಂದುಕೊಂಡು ನೆಲನೆಲ್ಲಿ ರಸ ಕುಡಿದ. ನಮಗೆ ಗೊತ್ತಾದದ್ದು 2008ರ ಕೊನೆಗೆ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ.

ಆ ಸೂಜಿಯಿಂದಲೇ ಬಂತು ಅಂತ ಯಾರೂ ಹೇಳಲಾರರು, ನನಗೂ ಅಷ್ಟು ಬುದ್ಧಿ ಇದೆ. ಅವನು ಆಮೇಲೂ ಎಷ್ಟೋ ಸೂಜಿ ಚುಚ್ಚಿಸಿಕೊಂಡ, ಎಷ್ಟೋ ಅಂಗಡಿಯಲ್ಲಿ ಶೇವ್ ಮಾಡಿಸಿಕೊಂಡ. ಆದರೆ ಈ ರೋಗದ ಲೆಕ್ಕ ಹೀಗಿದೆ ನೋಡು: ದೊಡ್ಡವರಿಗೆ ತಗುಲಿದರೆ ನೂರಕ್ಕೆ 95 ಜನರಲ್ಲಿ ದೇಹವೇ ಅದನ್ನು ಹೊರಗೆ ಹಾಕುತ್ತದೆ. ಚಿಕ್ಕ ಮಕ್ಕಳಿಗೆ ತಗುಲಿದರೆ ಒಳಗೇ ಉಳಿದುಬಿಡುವುದು ಜಾಸ್ತಿ. ಉಳಿದದ್ದು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್ ತಿನ್ನುತ್ತದೆ. ಐದು ವರ್ಷದ ಕೂಸು ಅವನು. ಬಳೆ ನಾನು ಕೊಳ್ಳಲೂ ಇಲ್ಲ, ದುಡ್ಡೆಲ್ಲಿತ್ತು, ಸುಮ್ಮನೆ ನೋಡಿದೆ.

ಬಿಡುತ್ತೇನೆ. ಬರೆಯಲು ಕೂತದ್ದು ಇದಕ್ಕಲ್ಲ.

ನಿನ್ನ ಲಸಿಕೆ ವಿಷಯ. ನೀನು ಹುಟ್ಟಿದ್ದು 1999, ಆಗ ಸರ್ಕಾರದ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಲಸಿಕೆ ಇರಲಿಲ್ಲ. ಬಿಸಿಜಿ, ಪೋಲಿಯೊ, ಡಿಪಿಟಿ, ದಡಾರ ಎಲ್ಲ ನಾನೇ ಹಾಕಿದ್ದೇನೆ. ಮಾಮನ ವಿಷಯ ತಿಳಿದ ಮೇಲೆ 2009ರ ಜನವರಿಯಲ್ಲಿ ನಿನ್ನನ್ನು ಖಾಸಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮೊದಲನೆಯದು ಹಾಕಿಸಿದೆ, ಫೆಬ್ರವರಿಯಲ್ಲಿ ಎರಡನೆಯದು. ಮೂರನೆಯದು ಮೊದಲನೆಯದರಿಂದ ಆರು ತಿಂಗಳಿಗೆ, ಅಂದರೆ ಜುಲೈ. ಜುಲೈಯಲ್ಲಿ ನಾವೆಲ್ಲಿದ್ದೆವು ಅಂತ ನಿನಗೆ ಗೊತ್ತು. ಆಮೇಲೆ ಮರೆತೇಹೋಯಿತು. ಊರಿನ ಮಕ್ಕಳ ತಾಯಿ ಕಾರ್ಡಿನಲ್ಲಿ ಒಂದು ಮನೆ ಖಾಲಿ ಇದ್ದರೆ ತಾಯಂದಿರನ್ನು ಗದರಿಸುತ್ತಿದ್ದವಳು ನಾನು. ನನ್ನ ಮಗಳ ಕಾರ್ಡು ಹದಿನಾರು ವರ್ಷ ಬೀರುವಿನಲ್ಲಿ ಹಾಗೇ ಬಿದ್ದಿತ್ತು.

ಭಾನುವಾರ ನೀನು ಬಾಗಿಲು ಹಾಕಿಕೊಂಡು ಮಲಗಿದ ಮೇಲೆ ಅದನ್ನೇ ಹುಡುಕಿದೆ. ಸಿಟ್ಟು ನಿನ್ನ ಮೇಲಿದ್ದದ್ದು ಅರ್ಧ ಮಾತ್ರ.

ಈಗ ಮಾಡಬೇಕಾದದ್ದು ಹೇಳುತ್ತೇನೆ, ಪಾಠ ಅನ್ನಬೇಡ. ಅನ್ನು ಬೇಕಾದರೆ, ಆದರೆ ಮಾಡು. ಎಷ್ಟು ವರ್ಷ ತಡವಾದರೂ ಮೊದಲಿಂದ ಶುರುಮಾಡಬೇಕಿಲ್ಲ, ಆ ಮೂರನೆಯದನ್ನು ಹಾಕಿಸಿಕೊಂಡರೆ ಸಾಕು. ಒಂದೆರಡು ತಿಂಗಳು ಬಿಟ್ಟು ಆಂಟಿ-ಎಚ್‌ಬಿಎಸ್ ಅಂತ ರಕ್ತಪರೀಕ್ಷೆ ಮಾಡಿಸು, 10ಕ್ಕಿಂತ ಮೇಲಿದ್ದರೆ ರಕ್ಷಣೆ ಇದೆ ಅಂತ. ಲಸಿಕೆಗೆ ಮೊದಲೇ ಎಚ್‌ಬಿಎಸ್‌ಎಜಿ (ಮೈಯಲ್ಲಿ ಹೆಪಟೈಟಿಸ್ ಬಿ ಇದೆಯಾ ಅಂತ ನೋಡುವ ಪರೀಕ್ಷೆ), ಹೆಪಟೈಟಿಸ್ ಸಿ, ಎಚ್‌ಐವಿ ಮೂರಕ್ಕೂ ರಕ್ತ ಕೊಡು. ಅದು ಸರಿ ಇದೆ ಅಂತ ಬಂದರೂ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ, ಹದಿನೆಂಟು ದಿನಕ್ಕೆ ರಕ್ತ ಏನೂ ಹೇಳುವುದಿಲ್ಲ. ಬಿ ಕಾಣಿಸಿಕೊಳ್ಳಲು ಒಂದರಿಂದ ಆರು ತಿಂಗಳು ಬೇಕು. ಮೂರು ತಿಂಗಳಾದ ಮೇಲೆ ಒಂದು ಸಲ, ಆರು ತಿಂಗಳಾದ ಮೇಲೆ ಒಂದು ಸಲ ಮತ್ತೆ ನೋಡಬೇಕು. ಸಿ ಗೆ ಲಸಿಕೆ ಇಲ್ಲ, ಆದರೆ ಈಗ ಹನ್ನೆರಡು ವಾರದ ಮಾತ್ರೆಯಲ್ಲಿ ಬಹುತೇಕ ಎಲ್ಲರಿಗೂ ಹೋಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಪುಕ್ಕಟೆ, ಔಷಧಿಯೂ ಪುಕ್ಕಟೆ. ಮಾಮನ ಕಾಲಕ್ಕೆ ಇಷ್ಟೆಲ್ಲ ಇರಲಿಲ್ಲ. ಎಚ್‌ಐವಿ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಸಲಹೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಹೋಗು, ಹೆಸರು ಹೊರಗೆ ಬಿಡುವುದಿಲ್ಲ. ನಾಚಿಕೆ ಬೇಡ. ಹೊಸ ಸೂಜಿ ಅಂದಮೇಲೆ ಇದೆಲ್ಲ ಬರುವ ಸಂಭವ ಕಡಿಮೆ, ಬಹಳ ಕಡಿಮೆ, ಅದು ನನಗೆ ಗೊತ್ತು. ಗೊತ್ತಿದ್ದೂ ನಿದ್ದೆ ಬರುತ್ತಿಲ್ಲ.

ಆಫೀಸಿನಲ್ಲಿ ರಕ್ತದಾನ ಅಂದರೆ ಒಂದು ವರ್ಷ ಕೊಡುವ ಹಾಗಿಲ್ಲ. ಕೇಳದಿದ್ದರೂ ನೀನೇ ಹೇಳು.

ಗೋಕರ್ಣಕ್ಕೆ ಹೋಗು, ಬೇಡ ಅನ್ನುವುದಿಲ್ಲ. ಗೆಳತಿಯರ ಜೊತೆ ಮರಳಿನ ಮೇಲೆ ಕೂತು ಬಾ. ಗುಳ್ಳೆ ಪೂರಾ ಹೋಗುವ ತನಕ ಆ ಕೈ ಸಮುದ್ರಕ್ಕೆ ತಾಗಬಾರದು. ಅಮೆರಿಕದಲ್ಲಿ ಒಬ್ಬ ಟ್ಯಾಟೂ ಹಾಕಿಸಿಕೊಂಡ ಐದೇ ದಿನಕ್ಕೆ ಸಮುದ್ರದಲ್ಲಿ ಈಜಿ, ಉಪ್ಪುನೀರಿನ ವಿಬ್ರಿಯೊ ಎಂಬ ರೋಗಾಣು ತಗುಲಿ ತೀರಿಕೊಂಡದ್ದು 2017ರಲ್ಲಿ ವರದಿಯಾಗಿತ್ತು. ಅವನಿಗೆ ಮೊದಲೇ ಲಿವರ್ ಕೆಟ್ಟಿತ್ತಂತೆ. ನಿನಗೆ ಹಾಗಿಲ್ಲ. ಆದರೂ. ಜ್ವರ ಚಳಿ ಬಂದರೆ, ಕೆಂಪು ಮಣಿಕಟ್ಟಿನಿಂದ ಮೇಲಕ್ಕೆ ಗೆರೆಯಾಗಿ ಏರಿದರೆ, ಕಂಕುಳಲ್ಲಿ ಗಡ್ಡೆ ಕಟ್ಟಿದರೆ, ಕೀವು ಬಂದರೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗು. ಆಟೊದಲ್ಲಿ ಕೂತು ನನಗೆ ಫೋನ್ ಮಾಡು. ಆಗ ಮಾತು ಬಿಟ್ಟಿದ್ದು ಲೆಕ್ಕಕ್ಕಿಲ್ಲ.

ಇನ್ನೊಂದು. ಇದನ್ನು ಮೊದಲೇ ಬರೆಯಬೇಕಿತ್ತು. ನೀನು ಹೋದ ಮೇಲೆ ಆ ಫೋಟೊವನ್ನು ದೊಡ್ಡದು ಮಾಡಿ ಗುಳ್ಳೆ ಎಣಿಸುತ್ತ ಕೂತಿದ್ದೆ. ಎಣಿಸುವಾಗ ಚಿತ್ರ ಕಂಡಿತು. ತುಳಸಿಕಟ್ಟೆ, ಸುತ್ತ ಐದು ಚುಕ್ಕಿ, ಬಲಗಡೆಯ ಚುಕ್ಕಿ ಒಂದು ಸ್ವಲ್ಪ ಕೆಳಗೆ ಜಾರಿದೆ. ಅಜ್ಜಿಯ ಕೈ. ಹಚ್ಚೆ ಹಾಕುವವಳು ಚುಚ್ಚುವಾಗ ಅಜ್ಜಿ ಕೈ ಎಳೆದುಕೊಂಡಳಂತೆ, ಅದಕ್ಕೆ ಆ ಚುಕ್ಕಿ ಜಾರಿದ್ದು. ನಮಗೆ ಅನ್ನ ಕಲಸಿ ತುತ್ತು ಕೊಡುವಾಗೆಲ್ಲ ಆ ಚುಕ್ಕಿ ಕಣ್ಣೆದುರಿಗೇ ಬರುತ್ತಿತ್ತು. ನೀನು ಅದನ್ನೂ ಹಾಗೇ ಜಾರಿಸಿ ಹಾಕಿಸಿದ್ದೀಯ. ಯಾವ ಫೋಟೊದಿಂದ ನೋಡಿಕೊಂಡೆ? ನನ್ನ ಹತ್ತಿರ ಅವಳ ಕೈ ಕಾಣುವ ಒಂದು ಫೋಟೊವೂ ಇಲ್ಲ. ಅದನ್ನು ನೋಡಿಯೂ ನಾನು ಅಂಥ ಮಾತು ಆಡಿದೆ ಅಂದುಕೊಂಡಿರುತ್ತೀಯ. ನೋಡಿರಲಿಲ್ಲ ಪುಟ್ಟಿ. ಕೆಂಪು ಮಾತ್ರ ನೋಡಿದ್ದೆ.

ಹಾಕಿಸಿಕೊಂಡದ್ದು ಸರಿ ಅಂತ ಈಗಲೂ ಹೇಳಲಾರೆ. ಚೆನ್ನಾಗಿದೆ ಅಂತ ಹೇಳಬಲ್ಲೆ.

ಶನಿವಾರ ರಜೆ ಹಾಕಿದ್ದೇನೆ. ಬೆಳಗಿನ ಟ್ರೈನಿಗೆ ಹೊರಟು ಹತ್ತೂವರೆಗೆಲ್ಲ ಬೆಂಗಳೂರಲ್ಲಿರುತ್ತೇನೆ. ಚರ್ಮದ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ನೀನೇ ತೆಗೆದುಕೊಂಡಿರು, ನಾನು ಒಳಗೆ ಬರುವುದು ಬೇಡ ಅಂದರೆ ಹೊರಗೆ ಕೂತಿರುತ್ತೇನೆ. ನಿನ್ನ ಕಾರ್ಡು ಬ್ಯಾಗಿನಲ್ಲಿಟ್ಟಿದ್ದೇನೆ. ಭಾನುವಾರ ನೀನು ಮುಟ್ಟದೆ ಬಿಟ್ಟುಹೋದ ಒಬ್ಬಟ್ಟಿನ ಡಬ್ಬಿ ಕೆಟ್ಟಿತು, ಹೊಸದಾಗಿ ಮಾಡಿ ತರುತ್ತೇನೆ.

ನಿನ್ನ
ಅಮ್ಮ