ಮಡಗಾಂವ್ ರೈಲಿನ ಅಕ್ಕನಿಗೆ

ಕಾರವಾರದಿಂದ ಮಡಗಾಂವಿಗೆ ಹೋಗುವ ಬೆಳಗಿನ ರೈಲಿನಲ್ಲಿ ನನಗೆ ಇಂಗ್ಲಿಷಿನ ಭಯ ಬಿಡಿಸಿದ ಅಕ್ಕನ ಹೆಸರನ್ನು ನಾನು ಕೇಳಲೇ ಇಲ್ಲ. ಈ ಬರಹ ಅವರನ್ನು ತಲುಪಲಿ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಅಷ್ಟಿಷ್ಟು ಮರಾಠಿ. ಮೂರು ನುಡಿಗಳಲ್ಲಿ ಬಾಯ್ತುಂಬ ಮಾತನಾಡುತ್ತಿದ್ದವಳಿಗೆ ಇಂಗ್ಲಿಷ್ ಎಂದೊಡನೆ ನಾಲಿಗೆ ಕಟ್ಟುತ್ತಿತ್ತು. ಶಾಲೆಯಲ್ಲಿ ಓದಿದಂತೆ ‘ಜೀರೋ’ ಎಂದು ಕನ್ನಡದ ಜಕಾರವನ್ನೇ ಒತ್ತಿ ಹೇಳುತ್ತಿದ್ದೆ. ಒಂದು ದಿನ ರೈಲು ಕಾಳಿ ನದಿಯ ಸೇತುವೆ ದಾಟುವಾಗ ಅಕ್ಕ ಶೇಂಗಾದ ಪೊಟ್ಟಣ ಮುಂದೆ ಹಿಡಿದು, “ಬೇಕು ಎನ್ನಲು ಕೊಂಕಣಿಯಲ್ಲಿ ಏನೆನ್ನುತ್ತೀ?” ಎಂದರು.

“ಜ಼ಾಯ್.”

“ಇಂಗ್ಲಿಷಿನ ‘ಜೀರೋ’ದ ಮೊದಲ ಸದ್ದೂ ಇದೇ. ನಿನ್ನ ಅಮ್ಮ ಎಂದೋ ಕಲಿಸಿದ್ದಾಳೆ!”

ನನ್ನ ಟಿಕೆಟ್ಟಿನ ಬೆನ್ನಿಗೆ ‘ಜ’ ಬರೆದು, ಆ ಸದ್ದಿನ ಗುರುತಾಗಿ ಅದರಡಿ ಎರಡು ಚುಕ್ಕಿ ಇಟ್ಟುಕೊಟ್ಟರು. ಕನ್ನಡದಲ್ಲೂ ಕೊಂಕಣಿಯಲ್ಲೂ ಕೊನೆಗೆ ಬರುವ ಕ್ರಿಯಾಪದ ಇಂಗ್ಲಿಷಿನಲ್ಲಿ ಕರ್ಮಕ್ಕಿಂತ ಮೊದಲೇ ಬರುತ್ತದೆ ಎಂಬುದನ್ನೂ ಅವರೇ ತಿಳಿಸಿದ್ದು. ತಪ್ಪಿದಾಗ ಒಮ್ಮೆಯೂ ನಗಲಿಲ್ಲ.

ಇಂದು ಕಚೇರಿಯಲ್ಲಿ ಅಳುಕಿಲ್ಲದೆ ಇಂಗ್ಲಿಷ್ ಮಾತನಾಡುತ್ತೇನೆ. ಆ ಟಿಕೆಟ್ ಇನ್ನೂ ನನ್ನ ಪರ್ಸಿನಲ್ಲಿದೆ, ಚುಕ್ಕಿಗಳು ಸ್ವಲ್ಪ ಮಾಸಿವೆ.

ಅಕ್ಕ, ದೇವ್ ಬರೆಂ ಕರೂಂ. ದೇವರು ಒಳ್ಳೆಯದು ಮಾಡಲಿ.