ಮಗಳಿಗೊಂದು ಪತ್ರ: 675ರ ಆಚೆ ಈಚೆ

ದಾವಣಗೆರೆ
ಭಾನುವಾರ ರಾತ್ರಿ

ಪುಟ್ಟಿ,

ನೀನು ಊಟ ಬಿಟ್ಟು ಬೆಂಗಳೂರು ಬಸ್ ಹತ್ತಿಬಿಟ್ಟೆ. ಕಟ್ಟಿಟ್ಟ ರೊಟ್ಟಿ ಇಲ್ಲೇ ಉಳಿದಿದೆ. ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳ ಮುಂದೆ 'ನನಗೇ ಪಾಠ ಹೇಳ್ತೀಯಾ' ಅಂತ ಕೂಗಾಡಿದ್ದು ನನ್ನದೇ ತಪ್ಪು.

ರೇಡಿಯೊ ಅಲೆಯೂ ಬೆಳಕಿನ ಹಾಗೆ ಫೋಟಾನೇ, ಅಂದರೆ ಶಕ್ತಿಯ ಸಣ್ಣ ಪೊಟ್ಟಣಗಳೇ ಅಂದೆ ನೀನು. ಹಾಗಾದರೆ ಅಲೆಯ ಎತ್ತರ ಬದಲಿಸುವ ಎಎಂನಲ್ಲಿ ಫೋಟಾನಿನ ಎಣಿಕೆ ಏರಿಳಿಯುತ್ತೆ, ಫ್ರೀಕ್ವೆನ್ಸಿ ಬದಲಿಸುವ ಎಫ್‌ಎಂನಲ್ಲಿ ಒಂದೊಂದರ ಶಕ್ತಿ ಏರಿಳಿಯುತ್ತೆ, ಅಷ್ಟೇ ತಾನೆ ಅಂದೆ ನಾನು. 'ಅಷ್ಟು ಸಲೀಸಿಲ್ಲ ಅಪ್ಪಾಜಿ' ಅಂತ ನಕ್ಕೆಯಲ್ಲ, ಆ ನಗುವಿಗೇ ಉರಿದದ್ದು.

ಅಂಗಡಿ ಮುಚ್ಚಿ ಲೆಕ್ಕ ಹಾಕಿದೆ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್. ಅಲ್ಲಿಂದ ಬರುವ ಫೋಟಾನು ಸುಮಾರು 77 ಕೋಟಿ ಸೇರಿದರೆ ಹಳದಿ ಬೆಳಕಿನ ಒಂದೇ ಒಂದು ಫೋಟಾನಿನಷ್ಟು ಶಕ್ತಿ. ಬರೀ ಒಂದು ಕಿಲೋವಾಟ್ ಕಳಿಸಿದರೂ ಸೆಕೆಂಡಿಗೆ 22ರ ಮುಂದೆ 29 ಸೊನ್ನೆಯಷ್ಟು ಫೋಟಾನು! ಮಂಡಕ್ಕಿ ಭಟ್ಟಿಯಲ್ಲಿ ಚೀಲ ತೂಗ್ತಾರೆ, ಕಾಳು ಎಣಿಸೋದಿಲ್ಲ. ನಾನೂ ಇಷ್ಟು ವರ್ಷ ಚೀಲ ತೂಗಿದವನೇ.

ಆಮೇಲೆ ಹೊಳೆಯಿತು. ಎಎಂನಲ್ಲಿ ಆ ಅಲೆಗೆ ಸಾವಿರ ಹರ್ಟ್ಸಿನ ಶಿಳ್ಳೆ ಕೂಡಿಸಿದರೆ 675ರ ಜೊತೆ 674, 676 ಎರಡೂ ಹೊರಡುತ್ತವೆ. ಫೋಟಾನು ಇವುಗಳಲ್ಲಿ ಯಾವುದರದ್ದು ಅಂತ ಬೇರ್ಪಡಿಸಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಶಿಳ್ಳೆಯ ಒಂದು ಸುತ್ತು ಮುಗಿದಿರುತ್ತೆ. ಏರಿಳಿತ ನೋಡಲು ಹೊರಟರೆ ಯಾವ ಫ್ರೀಕ್ವೆನ್ಸಿ ಅನ್ನೋದು ಕೈ ತಪ್ಪುತ್ತೆ. ರೇಡಿಯೊ ಒಳಗೆ ಬೇಕಾದ ಸ್ಟೇಷನ್ನಷ್ಟೇ ಸೋಸುವ ಕಾಯಿಲ್ ಐಎಫ್‌ಟಿಯ ತಿರುಪನ್ನು ತೀರಾ ಬಿಗಿಯಾಗಿ ಟ್ಯೂನ್ ಮಾಡಿದರೆ ಪಕ್ಕದ ಸ್ಟೇಷನ್ ದೂರವಾಗುತ್ತೆ, ಆದರೆ ಮಾತು ಕಂಬಳಿ ಹೊದ್ದಂತೆ ಕೇಳುತ್ತೆ. ಇದು ನನ್ನ ಬೆರಳಿಗೆ ಗೊತ್ತಿತ್ತು ಕಣೇ, ಬಾಯಿಗೆ ಗೊತ್ತಿರಲಿಲ್ಲ.

ನೀನು ಎರಡನೇ ಕ್ಲಾಸಿದ್ದಾಗ ರೇಡಿಯೊ ಒಳಗೆ ಅಲೆ ಹಿಡಿಯುವ ಆ ಫೆರೈಟ್ ಕಡ್ಡಿ ಕೆಡವಿದೆ. ಎರಡು ತುಂಡು. ಗಿರಾಕಿಯ ಸೆಟ್ಟು ಅಂತ ನಾನು ನಿನ್ನ ಕೆನ್ನೆಗೆ ಹೊಡೆದೆ. ಐವತ್ತು ರೂಪಾಯಿಯದೂ ಅಲ್ಲ ಆ ಕಡ್ಡಿ. ನೀನು ಮೂಗು ಸುರಿಸುತ್ತಲೇ ತುಂಡೆರಡನ್ನೂ ಕಾಯಿಲ್ ಒಳಗೆ ಒತ್ತಿ ಹಿಡಿದು, 'ಬರ್ತೈತೆ ಅಪ್ಪಾಜಿ, ಕೇಳು' ಅಂದೆ. ಬಂತು, ಸಣ್ಣಗೆ. ಆಗಲೂ ನಾನು ತಪ್ಪಾಯ್ತು ಅನ್ನಲಿಲ್ಲ. ನಿನ್ನ ಬೆರಳು ಅದುರುತ್ತಿತ್ತು, ಭದ್ರಾವತಿಯೂ ಅದುರುತ್ತಿತ್ತು. ನಿನಗೆ ಮರೆತಿರಬಹುದು. ನನಗೆ ಪ್ರತಿ ಕಡ್ಡಿ ಕೈಗೆ ಬಂದಾಗಲೂ ನೆನಪು.

ರಾತ್ರಿ ಎರಡರ ತನಕ ಎದ್ದಿರಬೇಡ. ಲ್ಯಾಬಲ್ಲಿ ಕೆಪಾಸಿಟರ್ ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡ, ಗೊತ್ತಿದ್ದರೂ ಹೇಳ್ತೀನಿ. ಗೊತ್ತಿಲ್ಲದವರು ಕೇಳಿದರೆ ನಗಬೇಡ... ಬಿಡು, ಅದನ್ನು ಹೇಳುವ ಬಾಯಿ ನನ್ನದಲ್ಲ.

ಎಫ್‌ಎಂ ಲೆಕ್ಕ ಇನ್ನೂ ಬಿಡಿಸಿಲ್ಲ. ಫೋನ್ ಮಾಡು. ರೊಟ್ಟಿ, ಶೇಂಗಾ ಚಟ್ನಿ ನಾಳೆ ಬಸ್ಸಿಗೆ ಹಾಕ್ತೀನಿ.

ನಿನ್ನ ಅಪ್ಪಾಜಿ